ಸಾವಿರ ಗುಂಡಿ

ಡೆರಿಯ ಅಂಗಿ ಕಾರ್ಖಾನೆ ಮುಚ್ಚಿದ ದಿನ
ನಾನು ಹೊತ್ತು ತಂದದ್ದು ಎರಡೇ:
ಸೊಂಟನೋವು, ಬಿಸ್ಕತ್ತಿನ ಡಬ್ಬಿ ತುಂಬ ಗುಂಡಿ.
ಎರಡನ್ನೂ ಯಾರೂ ವಾಪಸು ಕೇಳಲಿಲ್ಲ.

ಇವತ್ತು ಮಂಗಳವಾರ. ಫೊಯ್ಲ್ ಹೊಳೆಯ ಗಾಳಿ
ಸಭಾಮಂದಿರದ ಬಾಗಿಲು ಒದೆಯುತ್ತಿದೆ.
ಹನ್ನೊಂದು ಜನ ನಾವು, ಆರಿದ ಚಹಾ, ಒಂದೇ ಹೀಟರು,
ಆರೋಗ್ಯ ಇಲಾಖೆ ಕಳಿಸಿದ ಹುಡುಗ ಫರ್ಗಲ್,
ಗೋಡೆಯ ಮೇಲೆ ಅವನ ಬೆಳಕಿನ ಚೌಕ.
ಚೌಕದೊಳಗೆ ಒಂದು ಸಾಲು:
ಈ ಗುಳಿಗೆಯಿಂದ ಹೃದಯಾಘಾತ ಅರ್ಧಕ್ಕರ್ಧ ಇಳಿಕೆ.

ಯಾತರ ಅರ್ಧ, ಕೇಳಿದೆ.
ಮೂವತ್ತೊಂದು ವರ್ಷ ತುಂಡುಲೆಕ್ಕದ ಕೂಲಿ ಉಂಡವಳು;
ಅರ್ಧ ಅಂದವನ ಮುಖ ನೋಡುವುದಿಲ್ಲ ನಾನು,
ಕೈ ನೋಡುತ್ತೇನೆ.

ಒಳ್ಳೆಯ ಹುಡುಗ. ಕಿವಿ ಕೆಂಪಾಯಿತು.
ಕಾಗದ ತಿರುವಿದ, ಮತ್ತೆ ತಿರುವಿದ, ಸಣ್ಣ ಅಕ್ಷರದಲ್ಲಿ ಸಿಕ್ಕಿತು:
ನುಂಗದ ಸಾವಿರ ಜನರಲ್ಲಿ, ಐದು ವರ್ಷಕ್ಕೆ, ನಾಲ್ವರಿಗೆ.
ನುಂಗಿದ ಸಾವಿರದಲ್ಲಿ ಇಬ್ಬರಿಗೆ.

ಡಬ್ಬಿ ಬೋರಲು ಹಾಕಿದೆ.
ಆ ಸದ್ದಿಗೆ ಡಿಂಫ್ನಾ ಕಣ್ಣು ಮುಚ್ಚಿದಳು,
ಒಂದು ಕ್ಷಣ ಅವಳಿಗೆ ಹತ್ತೊಂಬತ್ತು ವರ್ಷ.
ಹನ್ನೆರಡು ಹನ್ನೆರಡಾಗಿ ಎಣಿಸಿದ ಬೆರಳು ಮರೆಯುವುದುಂಟೆ?
ಎಂಬತ್ತಮೂರು ಡಜನ್, ಮೇಲೆ ನಾಲ್ಕು.
ಮೇಲಿನ ಆ ನಾಲ್ಕನ್ನೇ ಬದಿಗೆ ಸರಿಸಿದೆ.
ಎರಡನ್ನು ರಾಶಿಗೆ ತಳ್ಳಿದೆ.
ಇಗೋ, ನಿನ್ನ ಅರ್ಧ.

ಹೀಟರು ಗೊಣಗಿತು.

ಎರಡು ಅಂದರೆ ಸಣ್ಣದಲ್ಲ, ಅಂದ ಫರ್ಗಲ್, ನೆಲ ನೋಡುತ್ತ.
ಅಲ್ಲ ಮಗನೇ, ಬಲ್ಲೆ.
ಆ ಎರಡಕ್ಕೂ ಮನೆಯುಂಟು, ಮೆಟ್ಟಿಲುಂಟು,
ಮೆಟ್ಟಿಲ ಕೆಳಗೆ ನಿಂತು ಕೂಗುವವರುಂಟು.
ಆದರೂ ಪೂರ್ತಿ ಹೇಳು: ತಲೆಸುತ್ತು ಎಷ್ಟು ಜನಕ್ಕೆ?
ಮೂವತ್ತು.
ಗ್ರಾನ್ಯಾ ಕರಿದಾರ ತೆಗೆದು ಮೂವತ್ತನ್ನೂ ಪೋಣಿಸಿದಳು.

ನನ್ನ ಭಾವ ನುಂಗಿದ, ಗಟ್ಟಿಯಾಗಿದ್ದಾನೆ, ಅಂದ ಮಲಕಿ.
ನುಂಗದಿದ್ದರೆ ಏನಾಗುತ್ತಿದ್ದ?
ಒಂದು ಅಂಗಿ ಹರಿಯಲಿಲ್ಲವೆಂದು ದಾರ ಹೊಗಳಿದರೆ
ನಮ್ಮ ಮೇಸ್ತ್ರಿಣಿ ಮೂಗು ಕುಯ್ಯುತ್ತಿದ್ದಳು.
ಎರಡು ರಾಶಿ ಬೇಕು ಮಲಕಿ. ಅದೇ ಬಟ್ಟೆ, ಅದೇ ಒಗೆತ,
ಯಾವ ಅಂಗಿ ಯಾವ ರಾಶಿಗೆ ಅನ್ನುವುದು ಚೀಟಿ ಎತ್ತಿದಂತೆ.
ದಾರವೊಂದೇ ಬೇರೆ.

ಆಮೇಲೆ ನನಗೆ ಹೊಳೆದದ್ದು:
ಈ ಸಾವಿರದಲ್ಲಿ ಎಪ್ಪತ್ತು ದಾಟಿದ ಹೆಂಗಸರು ಎಷ್ಟು?
ಫರ್ಗಲ್ ಹುಡುಕಿದ. ಚಹಾ ಮತ್ತೊಂದು ಸುತ್ತು ಬಂತು.
ಒಬ್ಬರೂ ಇಲ್ಲ.
ಗುಳಿಗೆ ಚೀಟಿ ಬರೆಯುವುದು ನಮ್ಮ ಹೆಸರಿಗೆ,
ನುಂಗುವ ಬಾಯಿ ನಮ್ಮದು;
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಹಾಗಾದರೆ ನಮಗೆ ಫಲ ಎಷ್ಟು?
ಬಿಳಿ ಹಲಗೆಯ ಮೇಲೆ ಬರೆದ: ಗೊತ್ತಿಲ್ಲ.

ಈ ಸೊಂಟಕ್ಕೆ ಹದಿನಾಲ್ಕು ತಿಂಗಳು ಸರದಿ ಕಾದಿದ್ದೇನೆ,
ನಾಲ್ಕು ಕೌಂಟರು ದಾಟಿದ್ದೇನೆ,
ಅಷ್ಟು ನೆಟ್ಟಗಿನ ಮಾತು ಒಂದೂ ಕೇಳಿರಲಿಲ್ಲ.
ಅಳಿಸಬೇಡ, ಅಂದೆ. ಕೆಳಗೆ ಬರೆ,
ತಿಳಿದುಕೊಳ್ಳಬೇಕಾದವರು ಯಾರು, ಎಂದು.

ರಾತ್ರಿ ಮನೆಯಲ್ಲಿ ಮತ್ತೆ ಎಣಿಸುತ್ತೇನೆ.
ಯೂನನ್ ಹೋಗಿ ಒಂಬತ್ತು ವರ್ಷ.
ಅವನಿಗೂ ಒಂದು ಗುಳಿಗೆ ಚೀಟಿ ಬರೆದಿದ್ದರು,
ಡ್ರಾಯರಿನಲ್ಲೇ ಉಳಿಯಿತು, ನಾನು ಒತ್ತಾಯಿಸಲಿಲ್ಲ.
ಇದನ್ನು ಸಭೆಯಲ್ಲಿ ಹೇಳಲಿಲ್ಲ.
ಒಂದು ಗುಂಡಿ ಎತ್ತಿ ಅಂಗೈಯಲ್ಲಿಟ್ಟೆ:
ರಾಶಿಗೆ ಮರಳುವ ಎರಡರಲ್ಲಿ ನೀನಿದ್ದೆಯೋ,
ಹೇಗೂ ಉಳಿಯದ ಎರಡರಲ್ಲೋ?
ಸಾವಿರದ ಲೆಕ್ಕ ಸಾವಿರಕ್ಕೆ ಉತ್ತರಿಸುತ್ತದೆ.
ಗುಂಡಿಗೆ ಮಾತ್ರ ಒಂದನ್ನೇ ಕೇಳುತ್ತದೆ, ಅದೇ ಒಂದನ್ನು.

ಎಂಬತ್ತಮೂರು ಡಜನ್, ಮೇಲೆ ಮೂರು.
ಒಂದು ಅಲ್ಲೇ ಕುರ್ಚಿಯಡಿ ಉರುಳಿರಬೇಕು.

ಮುಂದಿನ ವಾರ ನಮ್ಮ ವಾರ್ಡು ಮುಚ್ಚುವ ವರದಿ ಓದುವುದು.
ಬಾಗಿಲಲ್ಲಿ ಫರ್ಗಲ್ ಕೇಳಿದ್ದ: ಗುಂಡಿ ತರುತ್ತೀರಾ?
ತರುತ್ತೇನೆ. ನೀನು ಸಣ್ಣ ಅಕ್ಷರದ ಪುಟಗಳನ್ನೂ ತಾ.